ಅಜ್ಜಿ ಗೇರು

ನಮ್ಮ ಮಲೆನಾಡಿನ ಕಡೆ ‘ಗೇರು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಮರದಲ್ಲಿ ಬಿಡುವುದು, ಬೀಜವನ್ನು ಹಣ್ಣಿನ ಹೊರಗೆ ತೂಗಹಾಕಿಕೊಂಡಿರುವುದು. ಇನ್ನೊಂದು ಮೋಟಾರು ಗಾಡಿಯ ಹೊಟ್ಟೆಯಲ್ಲಿರುವುದು, ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಿರುಗುವುದು. ಧಾರವಾಡದ ಕಡೆಯವಳಾದ ನನ್ನಾಕೆಗೆ ಮದುವೆಗೆ ಮುಂಚೆ ಈ ಎರಡರಲ್ಲಿ ಮೊದಲನೆಯದು ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಅದು ಗೋಡಂಬಿ. ಮದುವೆಯಾದ ಮೇಲೆ ಕಲಿತಳು. ಹೊಸದಾಗಿ ಕಲಿತ ಮಾತಿನ ಮೇಲೆ ಎಲ್ಲರಿಗೂ ಮೋಹ ಹೆಚ್ಚು.

2023ರ ಮಳೆಗಾಲದಲ್ಲಿ ಒಂದು ಸಂಜೆ ಅಪ್ಪಯ್ಯ ಊರಿನಿಂದ ಫೋನು ಮಾಡಿದರು. ನಾನು ಕಚೇರಿಯಿಂದ ಇನ್ನೂ ಬಂದಿರಲಿಲ್ಲ. “ಅವನು ಬಂದರೆ ಹೇಳಮ್ಮಾ, ಪುಣೆಯಲ್ಲಿ ಒಳ್ಳೇ ಗೇರು ಸಿಕ್ಕೀತೋ ನೋಡಲಿಕ್ಕೆ” ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ. ನಾನು ಮನೆ ಸೇರುವ ವೇಳೆಗೆ ಮೇಜಿನ ಮೇಲೆ ಒಂದು ಕಿಲೋ ಗೋಡಂಬಿಯ ಪೊಟ್ಟಣ ಕುಳಿತಿತ್ತು. “ಮಾವನವರು ಕೇಳ್ಯಾರ ಅಂತ ತಂದೀನ್ರಿ. ನಿಮ್ಮ ಕಡೆ ಬೆಳೆಯೋದನ್ನ ಇಲ್ಲಿಂದ ಯಾಕ ತರಸ್ತಾರೋ, ನನಗಂತೂ ತಿಳೀಲಿಲ್ಲ” ಎಂದಳು. ನನಗೆ ತಿಳಿಯಿತು. ಅಪ್ಪಯ್ಯ ಮತ್ತೆ ಷೆಡ್ಡಿನ ಬಾಗಿಲು ತೆಗೆದಿದ್ದರು.

ಷೆಡ್ಡಿನಲ್ಲಿರುವುದು 1951ರ ಷೆವರ್ಲೆ ಪಿಕಪ್ಪು. ಕಂಪನಿಯ ಪುಸ್ತಕದಲ್ಲಿ ಅದರ ಹೆಸರು 3100. ದುಂಡು ಮೂತಿ, ಮೂತಿಯ ಮೇಲೆ ಐದು ಅಡ್ಡಪಟ್ಟಿ, ಒಳಗೆ ಆರು ಸಿಲಿಂಡರಿನ ಮೂರೂವರೆ ಲೀಟರಿನ ಎಂಜಿನು. ಅಮೆರಿಕದ ಜನರಲ್ ಮೋಟಾರ್ಸ್‌ನವರು 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಒಂದು ಕಾರ್ಖಾನೆ ಇಟ್ಟುಕೊಂಡಿದ್ದರು. ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದ ಗಾಡಿಗಳನ್ನು ಅಲ್ಲಿ ಜೋಡಿಸಿ ಮಾರುತ್ತಿದ್ದರು. ನಮ್ಮ ಗಾಡಿಯೂ ಅಲ್ಲಿಯೇ ಕಣ್ಣುಬಿಟ್ಟದ್ದೆಂದು ಅಪ್ಪಯ್ಯ ಹೇಳುತ್ತಾರೆ. ಬಾಳೆಹೊನ್ನೂರಿನ ಹತ್ತಿರದ ಕಾಫಿ ತೋಟವೊಂದಕ್ಕೆ ಸಾಹುಕಾರರ ತಂದೆಯವರು ಅದನ್ನು ತರಿಸಿದರು. 1976ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಪ್ಪಯ್ಯ ಆ ಗಾಡಿಗೆ ಡ್ರೈವರಾದರು. 2004ರಲ್ಲಿ ತೋಟ ಕೈಬದಲಾಯಿತು. ಅಪ್ಪಯ್ಯನಿಗೆ ಬರಬೇಕಾಗಿದ್ದ ಬಾಕಿಯ ಬದಲು ಹಳ್ಳದ ಬದಿಯ ಒಂದೂವರೆ ಎಕರೆ ಜಮೀನೂ, ಆ ಹೊತ್ತಿಗೆ ನಿಂತೇಹೋಗಿದ್ದ ಈ ಗಾಡಿಯೂ ಬಂದುವು. ಜಮೀನಿನಲ್ಲಿ ಅಡಕೆ, ಕಾಫಿ ಬೆಳೆದುವು. ಗಾಡಿಯ ಮೇಲೆ ಧೂಳು ಬೆಳೆಯಿತು.

ಅದು ನಿಂತುಹೋದದ್ದು ಗೇರ್‌ಬಾಕ್ಸಿನಿಂದ. ಒಂದನೆಯ ಗೇರಿನ ಹಲ್ಲುಗಳು ಮೊಂಡಾಗಿದ್ದುವು. ಎರಡನೆಯದು ಹಾಕಿದಲ್ಲಿ ನಿಲ್ಲದೆ ತಾನಾಗಿ ಹಾರಿ ಹೊರಗೆ ಬರುತ್ತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅಪ್ಪಯ್ಯ ಕೇಳಿದ್ದು ಆ ಹಳೆಯ ಮೂರು ಗೇರಿನ ಪೆಟ್ಟಿಗೆಗೆ ಒಂದೆರಡು ಚಕ್ರಗಳನ್ನು, ಅಷ್ಟೆ. ಆದರೆ ನಾನು ಬಿ.ಎ. ಓದಿದವನು, ಅದೂ ಅರ್ಥಶಾಸ್ತ್ರ. ಒಂದು ವಸ್ತು ಕೇಳಿದರೆ ಮೂರು ಪರ್ಯಾಯಗಳನ್ನು ಮುಂದಿಡುವುದು ಕಚೇರಿಯಲ್ಲಿಯೂ ನನ್ನ ಅಭ್ಯಾಸ. ಕಡತ ತೆರೆದೆ.

ಗೇರಿನ ವ್ಯವಹಾರ ತಿಳಿಯದ ವಾಚಕರಿಗೆ ಎರಡು ಮಾತು ಹೇಳಿಬಿಡುತ್ತೇನೆ; ತಿಳಿದವರು ಕ್ಷಮಿಸಬೇಕು. ಎಂಜಿನು ಬಲು ಚುರುಕು, ಆದರೆ ಒಂದು ಸುತ್ತಿನಲ್ಲಿ ಅದಕ್ಕಿರುವ ಬಲ ಸ್ವಲ್ಪ. ಅದರ ಹಲವು ಸುತ್ತುಗಳನ್ನು ಕೂಡಿಸಿ ಚಕ್ರಕ್ಕೆ ಒಂದು ಸುತ್ತಾಗಿ ಕೊಟ್ಟರೆ ವೇಗ ಹೋಗಿ ಬಲ ಬರುತ್ತದೆ. ಐದು ಪೈಸೆಯ ನಾಣ್ಯಗಳನ್ನು ಕೊಟ್ಟು ರೂಪಾಯಿ ಪಡೆದಂತೆ. ನಮ್ಮ ಗಾಡಿಯ ಹಿಂದಿನ ಆಕ್ಸಲಿನಲ್ಲಿಯೇ 4.11 ಸುತ್ತಿಗೆ ಒಂದು ಸುತ್ತಿನ ಲೆಕ್ಕವಿದೆ. ಅದರ ಮೇಲೆ ಮೂರು ಗೇರಿನ ಪೆಟ್ಟಿಗೆಯ ಒಂದನೆಯದರಲ್ಲಿ ಸುಮಾರು ಮೂರಕ್ಕೆ ಒಂದು. ಗುಣಿಸಿದರೆ ಎಂಜಿನು ಹನ್ನೆರಡು ಸಲ ತಿರುಗಿದಾಗ ಚಕ್ರ ಒಂದು ಸಲ ತಿರುಗುತ್ತದೆ. ಕೊನೆಯ ಗೇರಿನಲ್ಲಿ ಪೆಟ್ಟಿಗೆ ಏನನ್ನೂ ಕೂಡುವುದಿಲ್ಲ, ಕಳೆಯುವುದಿಲ್ಲ. ಬಂದದ್ದನ್ನು ಹಾಗೆಯೇ ಮುಂದಕ್ಕೆ ಕಳುಹಿಸುತ್ತದೆ. ಕೆಲವು ಅಧಿಕಾರಿಗಳು ಕಡತವನ್ನು ಕಳುಹಿಸುವಂತೆ.

ನನ್ನ ಕಡತದಲ್ಲಿದ್ದ ಮೊದಲನೆಯ ಪರ್ಯಾಯ, ಇದ್ದದ್ದನ್ನೇ ರಿಪೇರಿ ಮಾಡುವುದು. ಎರಡನೆಯದು, ಐದು ಗೇರಿನ ಹೊಸ ಕಾಲದ ಪೆಟ್ಟಿಗೆ. ಅಮೆರಿಕದಲ್ಲಿ ಈ ಹಳೆಯ ಪಿಕಪ್ಪುಗಳನ್ನು ಸಾಕುವವರು ಬೋರ್ಗ್ ವಾರ್ನರ್ ಟಿ-5 ಎಂಬ ಪೆಟ್ಟಿಗೆಯನ್ನು ಹೆಚ್ಚಾಗಿ ಕೂಡಿಸುತ್ತಾರೆ. ನಮ್ಮಲ್ಲಾದರೆ ಈಚಿನ ಯಾವುದಾದರೂ ಜೀಪಿನದು. ಐದನೆಯ ಗೇರಿನಲ್ಲಿ ಚಕ್ರದ ಕಡೆ ಹೋಗುವ ಷಾಫ್ಟು ಒಂದು ಸುತ್ತು ತಿರುಗಿದರೆ ಎಂಜಿನು ಮುಕ್ಕಾಲು ಸುತ್ತು ತಿರುಗಿದರೆ ಸಾಕು. ಕಾಗದದ ಮೇಲೆ ಲೆಕ್ಕ ಹಾಕಿದೆ. ಹಳೆಯ ಪೆಟ್ಟಿಗೆಯಲ್ಲಿ ಗಂಟೆಗೆ 60 ಕಿಲೋಮೀಟರು ಓಡಿದರೆ ಎಂಜಿನು ನಿಮಿಷಕ್ಕೆ ಸುಮಾರು 1,840 ಸುತ್ತು. 80 ಓಡಿದರೆ 2,450. ಐದನೆಯ ಗೇರಿದ್ದರೆ 80ರಲ್ಲಿಯೂ ಅದೇ 1,840! ಈ ಎಂಜಿನ್ನಿಗೆ ಅದು ಸಣ್ಣ ಉಪಕಾರವಲ್ಲ. ಆ ಕಾಲದ ಷೆವರ್ಲೆ ಎಂಜಿನುಗಳಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಬ್ಯಾಬಿಟ್ ಎಂಬ ಮೆದು ಲೋಹವನ್ನು ಎರಕ ಹೊಯ್ದು ಮಾಡಿದವು. ರಾಡಿನ ತಳದಲ್ಲಿರುವ ಸಣ್ಣ ಚಮಚ ತಿರುಗುವಾಗ ಎಣ್ಣೆಯನ್ನು ತಾನೇ ಮೊಗೆದುಕೊಳ್ಳಬೇಕು. ಅಂಥ ಎಂಜಿನ್ನನ್ನು ಅರಚಿಸಿಕೊಂಡು ಗಂಟೆಗಟ್ಟಲೆ ಓಡಿಸಬಾರದು.

ನಿಜ ಹೇಳಬೇಕೆಂದರೆ ಇದು ಎಂಜಿನ್ನಿನ ಮೇಲಿನ ದಯೆಯಲ್ಲ. ಬಾಳೆಹೊನ್ನೂರಿನಿಂದ ಪುಣೆಯವರೆಗೆ ಆ ಗಾಡಿಯನ್ನು ನಾನೇ ಓಡಿಸಿಕೊಂಡು ಬಂದು, ನಮ್ಮ ಸೊಸೈಟಿಯ ಗೇಟಿನ ಮುಂದೆ ನಿಲ್ಲಿಸಿ, ಹಾರನ್ನು ಒತ್ತಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಗುಮಾಸ್ತನಿಗೂ ಕನಸುಗಳುಂಟು.

ಫೋನಿನಲ್ಲಿ ಅಪ್ಪಯ್ಯನಿಗೆ ವರದಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು. “ಎಂಬತ್ತರಲ್ಲಿ ಓಡಿಸುತ್ತೀಯ, ಸರಿ. ನಿಲ್ಲಿಸುವುದು ಯಾವ ಬ್ರೇಕಿನಲ್ಲಿ?” ಎಂದರು. ಗಾಡಿಯ ನಾಲ್ಕು ಚಕ್ರಕ್ಕೂ 1951ರ ಡ್ರಮ್ಮು ಬ್ರೇಕುಗಳೇ. ನಾನು ಮಾತು ಬದಲಾಯಿಸಿ ಕಾನೂನಿನ ಕಡೆಗೆ ಹೊರಳಿದೆ. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೆ ಅದರ ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. “ಗೇರ್‌ಬಾಕ್ಸಿನ ಹೆಸರು ಅದರಲ್ಲಿ ಎತ್ತಿಲ್ಲ ಅಪ್ಪಯ್ಯ” ಎಂದೆ.

“ನಿಯಮ ಬಿಡು ಮಾರಾಯ. ಕೊಯ್ದ ಮೇಲೆ ಮತ್ತೆ ಅಂಟಿಸಲಿಕ್ಕೆ ಆಗುತ್ತದಾ?”

ಅವರು ಹೇಳಿದ್ದು ಕೊಳವೆಯ ವಿಷಯ. ಈಗಿನ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಷಾಫ್ಟು ಹೊರಗೆ ಕಾಣುವಂತೆ ತಿರುಗುತ್ತದೆ. 1954ರವರೆಗಿನ ಅರ್ಧ ಟನ್ನಿನ ಷೆವರ್ಲೆ ಪಿಕಪ್ಪುಗಳಲ್ಲಿ ಹಾಗಲ್ಲ. ಷಾಫ್ಟಿನ ಸುತ್ತ ಒಂದು ದಪ್ಪ ಕೊಳವೆ. ಅದರ ಹಿಂದಿನ ತುದಿ ಆಕ್ಸಲಿಗೆ ಬೋಲ್ಟಾಗಿದೆ. ಮುಂದಿನ ತುದಿ ಗೇರ್‌ಬಾಕ್ಸಿನ ಬಾಲದಲ್ಲಿ ಒಂದು ಗುಂಡಿನಂಥ ಕೀಲಿನಲ್ಲಿ ಕುಳಿತಿದೆ. ಚಕ್ರಗಳು ಗಾಡಿಯನ್ನು ಮುಂದಕ್ಕೆ ನೂಕುವುದೂ ಆ ಕೊಳವೆಯ ಮೂಲಕವೇ. ಐದು ಗೇರಿನ ಪೆಟ್ಟಿಗೆ ಕೂಡಿಸಬೇಕಾದರೆ ಆ ಕೊಳವೆಯನ್ನು ಕಿತ್ತೆಸೆದು, ಹಿಂದಿನ ಆಕ್ಸಲನ್ನೇ ಬದಲಾಯಿಸಿ, ಅದನ್ನು ಹಿಡಿದಿಡುವುದಕ್ಕೆ ಬೇರೆ ಏರ್ಪಾಟು ಮಾಡಬೇಕು. ಒಂದು ಗೇರಿನ ಆಸೆಗೆ ಅರ್ಧ ಗಾಡಿಯನ್ನು ಬಲಿಕೊಟ್ಟ ಹಾಗೆ. ಹಿಂದಕ್ಕೆ ಪಡೆಯಲಾಗದ ಆಜ್ಞೆಗೆ ಸಹಿ ಹಾಕುವ ಮುನ್ನ ಒಂದು ದಿನ ತಡೆಯಬೇಕೆಂದು ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಹೇಳುತ್ತಿದ್ದರು. ನಾನು ಒಂದು ವಾರ ತಡೆದೆ. ಸೊಸೈಟಿಯ ಗೇಟೂ ಹಾರನ್ನೂ ಕಡತದ ಅಡಿಗೆ ಸರಿದುವು.

ಉಳಿದದ್ದು ಮೂರನೆಯ ಪರ್ಯಾಯ. ಅದೇ ಕಂಪನಿ ಅದೇ ಪಿಕಪ್ಪಿಗೆ ಆ ಕಾಲದಲ್ಲಿಯೇ, ಹೆಚ್ಚಿನ ಹಣ ಕೊಟ್ಟವರಿಗೆ, ನಾಲ್ಕು ಗೇರಿನ ಪೆಟ್ಟಿಗೆಯೊಂದನ್ನು ಹಾಕಿ ಕೊಡುತ್ತಿತ್ತು. ಹೆಸರು ಎಸ್.ಎಂ. 420. ಮೂರು ಗೇರಿನದಕ್ಕೆ ಸ್ಟೀರಿಂಗ್ ಕಂಬಕ್ಕೆ ಅಂಟಿಕೊಂಡ ಹಿಡಿ. ಇದಕ್ಕೆ ನೆಲದಿಂದ ಎದ್ದುಬಂದ ಉದ್ದನೆಯ ಕೋಲು. ಎರಕದ ಕಬ್ಬಿಣದ ಮೈ, ಇಬ್ಬರು ಹಿಡಿದರೂ ಉಸ್ಸೆನ್ನುವಷ್ಟು ಭಾರ. ಇದರ ಒಂದನೆಯ ಗೇರಿನಲ್ಲಿ ಮೂರಕ್ಕೆ ಒಂದಲ್ಲ, 7.05ಕ್ಕೆ ಒಂದು. ಆಕ್ಸಲಿನ 4.11ರಿಂದ ಗುಣಿಸಿದರೆ ಹತ್ತಿರ ಹತ್ತಿರ 29. ಎಂಜಿನು ಸುಮ್ಮನೆ ಗೊರಗೊರ ಎನ್ನುತ್ತ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಗಾಡಿ ಗಂಟೆಗೆ ಮೂರು ಕಿಲೋಮೀಟರಿಗಿಂತ ತುಸು ಕಡಮೆ ಹೋಗುತ್ತದೆ. ಆತುರವಿಲ್ಲದ ಮನುಷ್ಯನ ನಡಿಗೆ. ಅಮೆರಿಕದವರು ಇದಕ್ಕೆ ‘ಗ್ರಾನಿ ಗೇರ್’ ಎನ್ನುತ್ತಾರೆ. ಎಂದರೆ ಅಜ್ಜಿ ಗೇರು. ಬರಿಯ ಗಾಡಿಗೆ ಅಜ್ಜಿಯನ್ನು ಎಬ್ಬಿಸಬೇಕಾದ್ದಿಲ್ಲ, ಎರಡನೆಯದರಲ್ಲಿಯೇ ಹೊರಡಬಹುದು. ಭಾರ ಹೊತ್ತು ಗುಡ್ಡ ಏರುವಾಗ ಮಾತ್ರ ಅಜ್ಜಿ ಬರುತ್ತಾಳೆ. ಅವಸರಪಡುವುದಿಲ್ಲ, ಆದರೆ ಕೈಬಿಡುವುದಿಲ್ಲ.

ಇದನ್ನು ಹೇಳಿದಾಗ ಅಪ್ಪಯ್ಯ ಒಡನೆಯೇ ಒಪ್ಪುವರೆಂದು ನಾನು ತಿಳಿದಿದ್ದೆ. ಪಕ್ಕದ ತೋಟದ ಪಿಕಪ್ಪಿನಲ್ಲಿ ಅದೇ ಪೆಟ್ಟಿಗೆ ಇತ್ತೆಂದೂ, ಅದರ ಡ್ರೈವರು ಏರಿನಲ್ಲಿ ಬೀಡಿ ಹಚ್ಚಿಕೊಂಡು ಆರಾಮವಾಗಿ ಹತ್ತುತ್ತಿದ್ದನೆಂದೂ ಅವರೇ ಎಷ್ಟೋ ಸಲ ಹೇಳಿದ್ದರು. ಆದರೆ ಅವರು ಬಹಳ ಹೊತ್ತು ಸುಮ್ಮನಿದ್ದು, “ಬೇಡ. ಮೂರೇ ಸಾಕು” ಎಂದು ಫೋನು ಇಟ್ಟರು. ಆ ಮೌನದ ಅರ್ಥ ನನಗೆ ಗೊತ್ತಿತ್ತು. ನಾನೂ ಆ ದಿನ ಗಾಡಿಯಲ್ಲಿದ್ದೆ.

1994ರ ಡಿಸೆಂಬರು. ನನಗೆ ಆರು ವರ್ಷ. ಕೊಯ್ಲಿನ ಕಾಲ. ಹಳ್ಳದ ಬದಿಯಿಂದ ಕಾಫಿ ಹಣ್ಣಿನ ಮೂಟೆಗಳನ್ನು ಗುಡ್ಡದ ಮೇಲಿನ ಪಲ್ಪರ್ ಮನೆಗೆ ಸಾಗಿಸುತ್ತಿದ್ದರು. ಹತ್ತು ಮೂಟೆಯ ಗಾಡಿಗೆ ಹದಿನೈದು ಹೇರುವುದು ಎಲ್ಲ ತೋಟಗಳ ಧರ್ಮ. ಏರಿನ ನಡುವೆ ಸ್ವಲ್ಪ ಸಮತಟ್ಟು, ಅದು ಮುಗಿದೊಡನೆ ಒಂದು ಕಡಿದಾದ ತಿರುವು. ಸಮತಟ್ಟಿನಲ್ಲಿ ಎರಡನೆಯ ಗೇರು ಹಾಕಿ ವೇಗ ಕೂಡಿಸಿಕೊಳ್ಳಬೇಕು. ತಿರುವಿನಲ್ಲಿ ಗಾಡಿ ಸೋಲುವುದಕ್ಕೆ ಮುಂಚೆ ಒಂದನೆಯದಕ್ಕೆ ಇಳಿಸಬೇಕು. ಇಲ್ಲಿಯೇ ತೊಡಕು. ಮೇಲಿನ ಗೇರುಗಳಿಗೆ ‘ಸಿಂಕ್ರೋ’ ಎಂಬ ಕಂಚಿನ ಬಳೆ ಇರುತ್ತದೆ. ಎರಡು ಚಕ್ರಗಳ ವೇಗವನ್ನು ಮೊದಲು ಸರಿದೂಗಿಸಿ ಆಮೇಲೆ ಹಲ್ಲು ಕೂಡಿಸುವ ಮದುವೆ ದಲ್ಲಾಳಿ ಅದು. ಒಂದನೆಯ ಗೇರಿಗೆ ಆ ದಲ್ಲಾಳಿ ಇಲ್ಲ. ಡ್ರೈವರೇ ಕಾಲಿನಲ್ಲಿ ಆ ಕೆಲಸ ಮಾಡಬೇಕು: ಕ್ಲಚ್ಚು ಒತ್ತಿ ನ್ಯೂಟ್ರಲ್ಲಿಗೆ ತರಬೇಕು, ಬಿಡಬೇಕು, ಆಕ್ಸಿಲೇಟರು ತುಸು ತುಳಿದು ಎಂಜಿನ್ನನ್ನು ಎಬ್ಬಿಸಬೇಕು, ಮತ್ತೆ ಕ್ಲಚ್ಚು ಒತ್ತಿ ಹಿಡಿಯನ್ನು ಎಳೆಯಬೇಕು. ಇಷ್ಟೂ ಒಂದು ಉಸಿರಿನಲ್ಲಿ ಆಗಬೇಕು. ಯಕ್ಷಗಾನದ ಹೆಜ್ಜೆಯಂತೆ, ತಾಳ ತಪ್ಪಿದರೆ ಕೂಡುವುದಿಲ್ಲ. ಅಪ್ಪಯ್ಯ ಆ ಹೆಜ್ಜೆಯನ್ನು ದಿನಕ್ಕೆ ಹತ್ತು ಸಲ, ಹದಿನೆಂಟು ವರ್ಷ ಹಾಕಿದ್ದರು.

ಆ ದಿನ ತಪ್ಪಿತು. ಕರ್ರೆಂದು ಹಲ್ಲು ಕಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಗೇರು ಬೀಳಲಿಲ್ಲ, ಗಾಡಿ ನಿಂತಿತು, ಭಾರಕ್ಕೆ ಬ್ರೇಕು ತಡೆಯದೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಮೂಟೆಗಳ ಮೇಲೆ ಕುಳಿತಿದ್ದ ಕ್ಲೀನರಣ್ಣ ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡನ್ನು ಹಿಡಿದು ಹಾರಿದ. ತುಂಡು ಚಕ್ರದಡಿಗೆ ಸರಿಯಾಗಿ ಹೋಯಿತು. ಅವನ ಬಲಗಾಲೂ ಹೋಯಿತು. ಗಾಡಿ ನಿಂತಿತು; ನಾನು ಉಳಿದೆ. ಅವನ ಪಾದದ ಮೂಳೆಗಳು ಮುರಿದು, ಮೂರು ತಿಂಗಳು ಮಲಗಿ, ಎದ್ದ ಮೇಲೆ ಕುಂಟುತ್ತ ನಡೆದ. ಈಗಲೂ ಹಾಗೆಯೇ ನಡೆಯುತ್ತಾನೆ.

ಸಾಹುಕಾರರು ಒಳ್ಳೆಯವರೇ, ಆಸ್ಪತ್ರೆಯ ಖರ್ಚು ಕೊಟ್ಟರು. ನಾಲ್ಕು ಗೇರಿನ ಪೆಟ್ಟಿಗೆಯ ಮಾತು ಒಬ್ಬರು ಎತ್ತಿದಾಗ, “ಇಷ್ಟು ವರ್ಷ ಇದರಲ್ಲೇ ನಡೆಯಲಿಲ್ಲವೇ?” ಎಂದರಂತೆ. ಅಪ್ಪಯ್ಯ ಅದಕ್ಕೆ ತಲೆಯಾಡಿಸಿದರು. ಯಾರು ಕೇಳಿದರೂ ಅವರದು ಒಂದೇ ಮಾತು: “ತಪ್ಪು ಗೇರಿನದಲ್ಲ. ನನ್ನ ಕೈಯದು.” ಮೂವತ್ತು ವರ್ಷಗಳಿಂದ ಅವರು ಆ ತಪ್ಪನ್ನು ಹೊತ್ತು ನಡೆದಿದ್ದಾರೆ. ಈಗ ನಾಲ್ಕು ಗೇರಿನ ಪೆಟ್ಟಿಗೆ ಹಾಕಿಸಿಕೊಂಡರೆ ಆ ತಪ್ಪನ್ನು ಪೆಟ್ಟಿಗೆಯ ಮೇಲೆ ಹೊರಿಸಿದಂತಾಗುತ್ತದೆಂದು ಅವರ ಲೆಕ್ಕ. ಈ ಲೆಕ್ಕವನ್ನು ಬಿಡಿಸುವ ವಿದ್ಯೆ ಯಾವ ಬಿ.ಎ. ತರಗತಿಯಲ್ಲಿಯೂ ನನಗೆ ಕಲಿಸಿರಲಿಲ್ಲ.

ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ಕ್ಲೀನರಣ್ಣನ ಮನೆಗೆ ಹೋದೆ. ಪುಣೆಯಿಂದ ಊರಿಗೆ ಮರಳಿದ್ದ ಗೋಡಂಬಿಯ ಪೊಟ್ಟಣದಲ್ಲಿ ಅರ್ಧ ಅವನಿಗೂ ಕೊಟ್ಟೆ. ಅವನು ಕೇಳಿದ, ನಾನು ಹೇಳಿದೆ. ಏನೂ ಮಾತಾಡದೆ ಕೋಲು ಹಿಡಿದು ನನ್ನ ಜೊತೆ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕುಳಿತ.

“ಡ್ರೈವರ್ರೇ, ಗಾಡಿ ಮತ್ತೆ ಹೊರಡಿಸ್ತೀರಂತೆ?”

“ನೋಡಬೇಕು.”

“ಹೊರಟರೆ ನಾನೂ ಹತ್ತುವವನೇ. ಕಾಲು ನಂದು. ಅದಕ್ಕೇ ಹೇಳ್ತೇನೆ, ಸಾಹುಕಾರರ ದುಡ್ಡಿಗೆ ಮೂರು ಗೇರು ಆಯಿತು. ನಮ್ಮ ದುಡ್ಡಿಗೆ ನಾಲ್ಕಿರಲಿ.”

ಅಪ್ಪಯ್ಯ ಎದ್ದು ಒಳಗೆ ಹೋದರು. ನಮಗೆ ಕಾಫಿ ತಂದುಕೊಟ್ಟು, ನನ್ನ ಕಡೆ ನೋಡದೆ, “ಅದರ ಬೆಲೆ ಎಷ್ಟು ಹೇಳಿದ್ದಿ?” ಎಂದು ಕೇಳಿದರು.

ಇಷ್ಟರ ಮೇಲೆ ಹುಡುಕಾಟ. ಪುಣೆಯ ವಾಚಕರಿಗೆ ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗಳು ಗೊತ್ತು. ಬುಧವಾರ ಭಾನುವಾರ ಸೇರುವ ಜೂನಾ ಬಾಜಾರೂ ಗೊತ್ತು. ಬುಧವಾರ ಕಚೇರಿ ಇರುವುದರಿಂದ ನನ್ನ ಭಾನುವಾರಗಳು ಅಲ್ಲಿ ಕಳೆದುವು. ನಾನಾ ಪೇಟೆಯ ವೃದ್ಧ ಮೆಕಾನಿಕ್ ಒಬ್ಬರು ನನಗೆ ಗುರುವಾದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಅವರು ಕಲಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು. ಗುಜರಿಯಲ್ಲಿ ಕಬ್ಬಿಣದ ಪೆಟ್ಟಿಗೆಯೊಂದು ಬಿದ್ದಿದ್ದರೆ ಮೈಮೇಲಿನ ಅಕ್ಷರಗಳನ್ನು ನಂಬಬೇಡ. ಒಂದನೆಯ ಗೇರಿಗೆ ಹಾಕಿ ಮುಂದಿನ ಷಾಫ್ಟನ್ನು ಕೈಯಿಂದ ತಿರುಗಿಸು. ಏಳು ಸುತ್ತಿಗೆ ಹಿಂದಿನದು ಒಂದು ಸುತ್ತು ಬಂದರೆ ನಿನಗೆ ಬೇಕಾದ ಅಜ್ಜಿ ಅವಳೇ. ಆಮೇಲೆ ಎಣ್ಣೆ ಇಳಿಸಿ ಬೆರಳಿನಲ್ಲಿ ಉಜ್ಜಿ ನೋಡು. ಚಿನ್ನದ ಪುಡಿಯಂತೆ ಮಿನುಗಿದರೆ ಕಂಚಿನ ಬಳೆ ಸವೆದದ್ದು, ಅದು ವಯೋಧರ್ಮ. ಬೆಳ್ಳಗಿನ ಚೂರುಗಳು ಸಿಕ್ಕಿದರೆ ಹಲ್ಲು ಮುರಿದಿದೆ, ಬಿಟ್ಟು ಬಾ. ಷಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸು. ಬೇರಿಂಗು ಹೋಗಿದ್ದರೆ ಕೈಗೆ ತಿಳಿಯುತ್ತದೆ.

ಐದನೆಯ ಭಾನುವಾರ ಒಂದು ಗುಜರಿಯ ಮೂಲೆಯಲ್ಲಿ ಸಿಕ್ಕಿತು. ಏಳು ಸುತ್ತು ತಿರುಗಿಸಿದೆ, ಒಂದು ಸುತ್ತು ಬಂತು. ಎಣ್ಣೆಯಲ್ಲಿ ಚಿನ್ನವಿತ್ತು, ಬೆಳ್ಳಿಯಿರಲಿಲ್ಲ. ಉಸ್ತಾದರನ್ನು ಕರೆತರುವಷ್ಟು ತಾಳ್ಮೆ ನನಗಿರಲಿಲ್ಲ. ಚೌಕಾಸಿ ಮಾಡಿ 18,000 ರೂಪಾಯಿ ಕೊಟ್ಟೆ. ನನ್ನಾಕೆ ಹೊಸ ಮಿಕ್ಸರಿಗೆಂದು ಕೂಡಿಟ್ಟ ಹಣವೂ ಅದರಲ್ಲಿ ಸೇರಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಾಲ್ಕು ಕಡೆಯಿಂದ ಫೋಟೋ ತೆಗೆದು ಫೋನಿನಲ್ಲಿ ಊರಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ ಅಪ್ಪಯ್ಯ ಕರೆದರು.

“ಬಾಲ ನೋಡಿದೆಯಾ?”

ಬಾಲ ನೋಡಿರಲಿಲ್ಲ. ನಾನು ಕೊಂಡದ್ದು ಷೆವರ್ಲೆ ಲಾರಿಯ ಪೆಟ್ಟಿಗೆ. ಒಳಗಿನ ಗೇರುಗಳೆಲ್ಲ ಅವೇ, ಮೈಯೂ ಅದೇ. ಆದರೆ ದೊಡ್ಡ ಗಾಡಿಗಳಲ್ಲಿ ಷಾಫ್ಟು ತೆರೆದದ್ದು, ಕೊಳವೆ ಇಲ್ಲ. ಅದಕ್ಕೆ ತಕ್ಕ ಬಾಲ. ನಮ್ಮ ಕೊಳವೆಯ ಗುಂಡುಕೀಲು ಕೂರುವ ಜಾಗವೇ ಅದರಲ್ಲಿ ಇರಲಿಲ್ಲ. ಮಾರಿದವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಮೋಸ ಮಾಡಿರಲಿಲ್ಲ, ನಾನೇ ಕೇಳಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಯಾರೂ ಮಿಕ್ಸರಿನ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮರುದಿನ ಉಸ್ತಾದರು ನೋಡಿ ನಕ್ಕರು. ಬಾಲವೂ ಒಳಗಿನ ಮುಖ್ಯ ಷಾಫ್ಟೂ ಪಿಕಪ್ಪಿನದು ಎಲ್ಲಾದರೂ ಸಿಕ್ಕಿದರೆ ಇದೇ ಮೈಗೆ ಕೂಡಿಸಬಹುದು. ಆದರೆ ಎಪ್ಪತ್ತು ವರ್ಷದ ಪಿಕಪ್ಪಿನ ಬಾಲವನ್ನು ಎಲ್ಲಿಂದ ತರುತ್ತೀ ಎಂದರು. ಇದನ್ನೇ ಅಪ್ಪಯ್ಯನಿಗೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಪಕ್ಕದ ತೋಟದ್ದು ಇದೆಯಲ್ಲ ಮಾರಾಯ!” ಎಂದರು. ಬೀಡಿ ಡ್ರೈವರಿನ ಆ ಪಿಕಪ್ಪು ಎಂದೋ ಕಂದಕಕ್ಕೆ ಉರುಳಿ, ಗೇರ್‌ಬಾಕ್ಸಿನ ಎರಕದ ಮೈ ಒಡೆದು, ಅವರ ಹಟ್ಟಿಯ ಹಿಂದೆ ಬಿದ್ದಿತ್ತು. ಮೈ ಒಡೆದ ಪೆಟ್ಟಿಗೆ ಎಂದು ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಬಾಲ ಒಡೆದಿರಲಿಲ್ಲ, ಒಳಗಿನ ಷಾಫ್ಟು ಎಣ್ಣೆಯಲ್ಲಿ ಮುಳುಗಿ ಹೊಸದರಂತೆಯೇ ಇತ್ತು. ಆ ಮನೆಯವರು ಹಣ ಮುಟ್ಟಲಿಲ್ಲ. ಗಾಡಿ ಹೊರಟ ದಿನ ಹೇಳಿ ಕಳುಹಿಸಿ, ನಾವೂ ನೋಡುತ್ತೇವೆ ಎಂದರಂತೆ.

ಪುಣೆಯ ಮೈ ಟ್ರಾನ್ಸ್‌ಪೋರ್ಟಿನಲ್ಲಿ ಕಡೂರಿಗೆ ಹೋಗಿ, ಅಲ್ಲಿಂದ ಊರು ಸೇರಿತು. ಚಿಕ್ಕಮಗಳೂರಿನಿಂದ ಮೇಸ್ತ್ರಿಯೊಬ್ಬರು ಬಂದು ಎರಡನ್ನೂ ಕೂಡಿಸಿದರು. ಹೊಸ ಬೇರಿಂಗು, ಹೊಸ ಸೀಲು, ಹೊಸ ಕ್ಲಚ್ಚು ಪ್ಲೇಟು. ಕ್ಯಾಬಿನ ನೆಲದ ತಗಡನ್ನು ಬೋಲ್ಟು ಬಿಚ್ಚಿ ತೆಗೆಯಬಹುದಾದ್ದರಿಂದ ಕೋಲಿಗೆ ದಾರಿ ಮಾಡುವುದಕ್ಕೆ ಆ ತಗಡೊಂದನ್ನು ಬದಲಾಯಿಸಿದರೆ ಸಾಕಾಯಿತು. ಗಾಡಿಯ ಮೈಯಲ್ಲಿ ಎಲ್ಲಿಯೂ ಕತ್ತರಿ ಆಡಲಿಲ್ಲ. ಹಳೆಯ ಮೂರು ಗೇರಿನ ಪೆಟ್ಟಿಗೆಯನ್ನು ಒರಸಿ, ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಎಣ್ಣೆಯ ವಿಷಯದಲ್ಲಿ ಮಾತ್ರ ಉಸ್ತಾದರು ಕಟ್ಟಪ್ಪಣೆ ಮಾಡಿದ್ದರು. ಈಗಿನ ಜಿ.ಎಲ್.-5 ಎಣ್ಣೆಗಳಲ್ಲಿ ಗಂಧಕದ ಅಂಶ ಹೆಚ್ಚು, ಕೆಲವು ಕಂಚಿನ ಬಳೆಗಳನ್ನು ತಿನ್ನುತ್ತವೆ. ಹಳೆಯ ಪೆಟ್ಟಿಗೆಗೆ ಜಿ.ಎಲ್.-4ರ 90 ನಂಬರು ಹಾಕಬೇಕು. ಇದನ್ನೂ ಬರೆದುಕೊಳ್ಳಿ.

2025ರ ಸಂಕ್ರಾಂತಿಗೆ ನಾವು ಮೂವರೂ, ಎಂದರೆ ನಾನು, ನನ್ನಾಕೆ, ಮಗಳು, ಊರಿಗೆ ಹೋದೆವು. ಹಬ್ಬದ ಮರುದಿನ ಬೆಳಗ್ಗೆ ಹಳ್ಳದ ಬದಿಯಲ್ಲಿ ಎಂಟು ಮೂಟೆ ಕಾಫಿ ಹೇರಿದರು. ಹತ್ತಲ್ಲ, ಎಂಟು, ಅಪ್ಪಯ್ಯನ ಅಪ್ಪಣೆ. ಕ್ಲೀನರಣ್ಣನನ್ನು ಮುಂದೆ ಕೂರಲು ಕರೆದರೆ ಕೇಳಲಿಲ್ಲ. ಹಿಂದಕ್ಕೆ ಹತ್ತಿಸಿಕೊಂಡು ಮೂಟೆಯ ಮೇಲೆ ಕುಳಿತ. ಕೈಯಲ್ಲಿ ಮರದ ತುಂಡು. ಹಳೆಯದೇ ತುಂಡು, ಇಷ್ಟು ವರ್ಷ ಅದನ್ನು ಎಲ್ಲಿಟ್ಟಿದ್ದನೋ!

ಎಪ್ಪತ್ತು ದಾಟಿದ ಅಪ್ಪಯ್ಯ ಕ್ಲಚ್ಚು ಒತ್ತಿ, ಕೋಲನ್ನು ಅಜ್ಜಿ ಗೇರಿಗೆ ಹಾಕಿ, ಬಿಟ್ಟರು. ಗಾಡಿ ಹೊರಟಿತು. ಹೊರಟಿತು ಎನ್ನುವುದಕ್ಕಿಂತ ನಡೆಯಿತು ಎನ್ನಬೇಕು. ನಾನು ಕಿಟಕಿಯ ಪಕ್ಕದಲ್ಲಿ ನಡೆದುಕೊಂಡೇ ಹೋದೆ. ಕಾಗದದ ಮೇಲೆ ಹಾಕಿದ್ದ ಲೆಕ್ಕ ಕಾಲಿಗೆ ಸರಿಯಾಗಿ ಬಂದಿತು. ಸಮತಟ್ಟು ಬಂದಿತು, ಅಪ್ಪಯ್ಯ ಗೇರು ಬದಲಾಯಿಸಲಿಲ್ಲ. ತಿರುವು ಬಂದಿತು. ಅವರ ಎಡಗಾಲು ತಾನಾಗಿ ಕ್ಲಚ್ಚಿನ ಮೇಲಕ್ಕೆ ಹೋದದ್ದನ್ನು ಕಂಡೆ. ಒಂದು ಕ್ಷಣ ಅಲ್ಲಿಯೇ ನಿಂತು, ಒತ್ತದೆ, ಮೆಲ್ಲಗೆ ನೆಲಕ್ಕೆ ಇಳಿಯಿತು. ಎಂಜಿನ್ನಿನ ಧ್ವನಿ ಒಂದಿಷ್ಟೂ ಬದಲಾಗಲಿಲ್ಲ.

ತಿರುವು ದಾಟಿದ ಮೇಲೆ ಅಪ್ಪಯ್ಯ ಮಾತಾಡತೊಡಗಿದರು. ನನ್ನ ಕಚೇರಿ ಹೇಗಿದೆ, ಮಗಳು ಎಷ್ಟನೆಯ ತರಗತಿ, ಪುಣೆಯಲ್ಲಿ ನೀರು ಸರಿಯಾಗಿ ಬರುತ್ತದೆಯೇ. ಫೋನಿನಲ್ಲಿ ಅರ್ಧ ನಿಮಿಷಕ್ಕೆ ಮುಗಿಯುತ್ತಿದ್ದ ಪ್ರಶ್ನೆಗಳು. ಗುಡ್ಡ ಹತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವರು ಕೇಳಿದರು, ನಾನು ಪಕ್ಕದಲ್ಲಿ ನಡೆಯುತ್ತ ಹೇಳಿದೆ. ನಾನು ಊರು ಬಿಟ್ಟ ಹದಿಮೂರು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಸಮನೆ ಅಷ್ಟು ಹೊತ್ತು ಮಾತಾಡಿದ ನೆನಪಿಲ್ಲ. ಐದನೆಯ ಗೇರಿದ್ದಿದ್ದರೆ ನಾನು ಆ ಕಿಟಕಿಯ ಪಕ್ಕದಲ್ಲಿ ಇರುತ್ತಿರಲಿಲ್ಲ.

ಮೇಲೆ ಅಂಗಳದಲ್ಲಿ ಪಕ್ಕದ ತೋಟದವರೂ ಬಂದು ನಿಂತಿದ್ದರು. ಗಾಡಿ ನಿಂತಿತು. ಕ್ಲೀನರಣ್ಣನನ್ನು ಇಳಿಸಿಕೊಳ್ಳಲು ಹಿಂದಕ್ಕೆ ಹೋದೆ. ಅವನು ತೊಡೆಯ ಮೇಲೆ ಆ ಮರದ ತುಂಡನ್ನು ಇನ್ನೂ ಎರಡು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ.

“ಬೇಕಾಗಲಿಲ್ಲ ತಮ್ಮಾ” ಎಂದು ಅದನ್ನು ನನ್ನ ಕೈಗೆ ಕೊಟ್ಟ.